ಕಲ್ಕತ್ತದ ಕಂಚುಗಾರರ ವ್ಯಾಜ್ಯ

ಕೆಲಸಕ್ಕೆ ಸೇರುವ ದಿನ ಕೈಗಿಡುವ ಕರಾರುಪತ್ರವನ್ನು ಪೂರ್ತಿ ಓದಿ ಸಹಿ ಹಾಕುವವರು ಕಡಿಮೆ. ‘ಸಂಸ್ಥೆ ಬಿಟ್ಟ ಬಳಿಕ ಎರಡು ವರ್ಷ ಪ್ರತಿಸ್ಪರ್ಧಿ ಸಂಸ್ಥೆ ಸೇರತಕ್ಕದ್ದಲ್ಲ’ ಎಂಬಂಥ ಷರತ್ತು ಅದರಲ್ಲಿ ಎಲ್ಲೋ ಅಡಗಿರುತ್ತದೆ. ಅದಕ್ಕೆ ಹೆದರಿ ಒಳ್ಳೆಯ ಅವಕಾಶ ಕೈಬಿಟ್ಟವರೂ ಇದ್ದಾರೆ. ಆದರೆ ಇಂಥ ಷರತ್ತಿನ ಬೆಲೆ ಎಷ್ಟೆಂಬುದನ್ನು ಕಲ್ಕತ್ತ ಹೈಕೋರ್ಟು 1874ರಲ್ಲೇ ಹೇಳಿಬಿಟ್ಟಿದೆ.

ಮಾಧವಚಂದ್ರ ಪರಾಮಾಣಿಕ ಮತ್ತು ರಾಜಕುಮಾರ ದಾಸ್ ಕಲ್ಕತ್ತದ ಒಂದೇ ಭಾಗದಲ್ಲಿ ಕಂಚು, ಹಿತ್ತಾಳೆಯ ವ್ಯಾಪಾರ ಮಾಡುತ್ತಿದ್ದರು. ಇಲ್ಲಿ ವ್ಯಾಪಾರ ನಿಲ್ಲಿಸಿದರೆ ನೀವು ಕೆಲಸಗಾರರಿಗೆ ಕೊಟ್ಟಿರುವ ಮುಂಗಡವನ್ನು ತುಂಬಿಕೊಡುತ್ತೇವೆ ಎಂದು ದಾಸ್ ಕಡೆಯವರು ಒಪ್ಪಿಕೊಂಡರು. ಮಾಧವಚಂದ್ರ ಅಂಗಡಿ ಮುಚ್ಚಿದರು. ಹಣ ಮಾತ್ರ ಬರಲಿಲ್ಲ.

ಅವರು ಹೂಡಿದ ದಾವೆಯಲ್ಲಿ ಗೆದ್ದದ್ದು ಮಾತು ತಪ್ಪಿದವರೇ! ಕಾನೂನುಬದ್ಧ ಉದ್ಯೋಗ ಮಾಡದಂತೆ ಯಾರನ್ನೇ ತಡೆಯುವ ಕರಾರು ಅಷ್ಟರಮಟ್ಟಿಗೆ ಅಸಿಂಧು ಎನ್ನುತ್ತದೆ 1872ರ ಕರಾರು ಕಾಯ್ದೆಯ 27ನೇ ಕಲಮು. ಇದು ಒಂದು ಬಡಾವಣೆಗೆ ಸೀಮಿತವಾದ ತಡೆ ತಾನೇ ಎಂಬ ವಾದವನ್ನು ಮುಖ್ಯ ನ್ಯಾಯಮೂರ್ತಿ ರಿಚರ್ಡ್ ಕೌಚ್ ಒಪ್ಪಲಿಲ್ಲ. ಪಕ್ಕದ 28ನೇ ಕಲಮಿನಲ್ಲಿ ‘ಸಂಪೂರ್ಣವಾಗಿ’ ಎಂಬ ಪದವಿದೆ, 27ರಲ್ಲಿ ಇಲ್ಲ. ಆದ್ದರಿಂದ ಭಾಗಶಃ ತಡೆಯೂ ಸಲ್ಲದು ಎಂದರು. ಮಾಧವಚಂದ್ರರಿಗಾದ ಅನ್ಯಾಯ ಕಣ್ಣಿಗೆ ಕಾಣುವಂಥದ್ದೇ. ಆದರೂ ಆ ತೀರ್ಪಿನ ನೆರಳು ಇಂದಿಗೂ ದುಡಿಯುವವರ ತಲೆಯ ಮೇಲಿದೆ.

ಆಳುತ್ತಿದ್ದವರ ಇಂಗ್ಲೆಂಡಿನಲ್ಲಿ ಕಾನೂನು ಹೀಗಿರಲಿಲ್ಲ. 1711ರಲ್ಲಿ ರೊಟ್ಟಿ ಅಂಗಡಿಯೊಂದರ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯ, ತಡೆ ಮಿತವಾಗಿದ್ದು ಸಕಾರಣವಾಗಿದ್ದರೆ ಸರಿ ಎಂದಿತ್ತು. ನಮ್ಮ 27ನೇ ಕಲಮಿನ ಮೂಲ ಅಮೆರಿಕದ ಡೇವಿಡ್ ಡಡ್ಲಿ ಫೀಲ್ಡ್ ನ್ಯೂಯಾರ್ಕಿಗಾಗಿ ಬರೆದ ಕರಡು ಸಂಹಿತೆ. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಕ್ಯಾಲಿಫೋರ್ನಿಯ ಒಪ್ಪಿತು, ಅದೂ 1872ರಲ್ಲೇ. ಸಿಲಿಕಾನ್ ಕಣಿವೆಯ ಎಂಜಿನಿಯರನಿಗೂ ಬೆಂಗಳೂರಿನವನಿಗೂ ಈ ವಿಷಯದಲ್ಲಿ ರಕ್ಷೆ ಒಂದೇ ಬೇರಿನದು.

ಸಕಾರಣವಾದ ತಡೆಗೆ ಅವಕಾಶ ಕೊಡಿ ಎಂದು ಕಾನೂನು ಆಯೋಗ 1958ರಲ್ಲಿ ಶಿಫಾರಸು ಮಾಡಿತ್ತು, ಕಲಮು ಬದಲಾಗಲಿಲ್ಲ. ಕೆಲಸದಲ್ಲಿರುವ ಅವಧಿಯ ನಿರ್ಬಂಧ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಅವಧಿ ಮುಗಿದ ಮೇಲಿನದು ಸಲ್ಲದೆಂದು 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸಂಸ್ಥೆಯ ಗುಟ್ಟುಗಳನ್ನು ಹೊತ್ತೊಯ್ಯಲು ಇದು ಪರವಾನಗಿಯಲ್ಲ, ಅದು ಬೇರೆ ಮಾತು.

‘ಬಾಂಡ್’ ಕೂಡ ಬೇರೆಯೇ. ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ತೆರಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಎತ್ತಿಹಿಡಿಯಿತು. ಆ ಷರತ್ತು ಹೋಗುವವನಿಂದ ಹಣ ಕೇಳಿತ್ತೇ ಹೊರತು ಮುಂದೆ ಎಲ್ಲಿ ದುಡಿಯಬಾರದು ಎಂದು ಹೇಳಿರಲಿಲ್ಲ.