ಹಾಸಿಗೆ ಇದ್ದಷ್ಟು ಕಾಲು ಚಾಚು: ರೇಸಿಂಗ್ ಮ್ಯಾನೇಜರ್ ಆಟಕ್ಕೆ ಇಳಿಯೋ ಮುಂಚೆ ಒಂದಿಷ್ಟು ಇತಿಹಾಸ

  ವಿಡಿಯೋ ನೋಡೋಕೆ ಪುರುಸೊತ್ತಿಲ್ಲ ಅನ್ನುವವರಿಗೆ ಇದು ಅದರ ಬರಹ ರೂಪ.

ಇವತ್ತಿನ ವಿಷಯ ಜಿಪಿಆರ್‌ಓ, ಅಂದ್ರೆ ಗ್ರಾಂಡ್ ಪ್ರಿ ರೇಸಿಂಗ್ ಆನ್‌ಲೈನ್. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಬ್ರೌಸರ್‌ನಲ್ಲೇ ನಡೀತಿರೋ ಆಟ. ಇಲ್ಲಿ ಸ್ಟೀರಿಂಗ್ ನಿಮ್ಮ ಕೈಗೆ ಬರೋದೇ ಇಲ್ಲ. ನೀವು ಡ್ರೈವರ್ ಅಲ್ಲ, ತಂಡದ ಯಜಮಾನ. ಹೊಸಬರು ಮೊದಲು ಕೇಳೋದು "ಗೆಲ್ಲೋಕೆ ಯಾವ ಸೆಟಪ್ ಹಾಕ್ಬೇಕು?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೇದು "ಸೀಸನ್ ಮುಗಿಯೋವರೆಗೆ ದುಡ್ಡು ಉಳಿಯುತ್ತಾ?" ಯಾಕೆ ಅನ್ನೋದಕ್ಕೆ ನಿಜವಾದ ರೇಸಿಂಗ್ ಇತಿಹಾಸವೇ ಉತ್ತರ ಕೊಡುತ್ತೆ.

ಫಾರ್ಮುಲಾ ಒನ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1950ರಲ್ಲಿ. ಆಗ ಕಾರುಗಳಿಗೆ ಸಾಮಾನ್ಯವಾಗಿ ಆಯಾ ದೇಶದ ಬಣ್ಣ: ಇಟಲಿಗೆ ಕೆಂಪು, ಬ್ರಿಟನ್‌ಗೆ ಹಸಿರು. 1968ರಲ್ಲಿ ಲೋಟಸ್ ತಂಡ ತನ್ನ ಕಾರಿಗೆ ಸಿಗರೇಟ್ ಕಂಪನಿಯ ಬಣ್ಣ ಬಳಿಯಿತು. ಅಲ್ಲಿಂದ ಮುಂದೆ ಪ್ರಾಯೋಜಕರನ್ನು ಹುಡುಕೋದು ಎಂಜಿನ್ ಹುಡುಕೋದರಷ್ಟೇ ದೊಡ್ಡ ಕೆಲಸ ಆಯ್ತು.

ಆ ಕಾಲದ ಕಷ್ಟಕ್ಕೆ ಒಳ್ಳೇ ಉದಾಹರಣೆ ಫ್ರಾಂಕ್ ವಿಲಿಯಮ್ಸ್. ಬಿಲ್ ಕಟ್ಟಲಾಗದೆ ಫೋನ್ ಕನೆಕ್ಷನ್ ಹೋದಾಗ ರಸ್ತೆ ಬದಿಯ ಸಾರ್ವಜನಿಕ ಫೋನಿನಿಂದಲೇ ವ್ಯವಹಾರ ನಡೆಸಿದ ಮನುಷ್ಯ. 1976ರಲ್ಲಿ ತಂಡದ ದೊಡ್ಡ ಪಾಲು ವಾಲ್ಟರ್ ವುಲ್ಫ್ ಕೈಗೆ ಹೋಯ್ತು. 1977ರಲ್ಲಿ ಎಂಜಿನಿಯರ್ ಪ್ಯಾಟ್ರಿಕ್ ಹೆಡ್ ಜೊತೆ ಸೇರಿ ಡಿಡ್‌ಕಾಟ್ ಊರಿನ ಹಳೇ ಕಾರ್ಪೆಟ್ ಗೋದಾಮಿನಲ್ಲಿ ಮತ್ತೆ ಶುರು ಮಾಡಿದರು. ಮೊದಲ ವರ್ಷ ಓಡಿಸಿದ್ದು ಬೇರೆಯವರಿಂದ ಕೊಂಡ ಮಾರ್ಚ್ ಕಾರು. ಸ್ವಂತ ಕಾರಿನಲ್ಲಿ ಮೊದಲ ಗೆಲುವು 1979ರಲ್ಲಿ, ಸಿಲ್ವರ್‌ಸ್ಟೋನ್‌ನಲ್ಲಿ. 1980ರಲ್ಲಿ ಅಲನ್ ಜೋನ್ಸ್ ವಿಶ್ವ ಚಾಂಪಿಯನ್. ಕ್ರಮ ಗಮನಿಸಿ: ಮೊದಲು ಉಳಿಯೋದು, ಆಮೇಲೆ ಕಟ್ಟೋದು, ಕೊನೆಗೆ ಗೆಲ್ಲೋದು.

ಯಜಮಾನನ ಕೆಲಸದ ಇನ್ನೊಂದು ಮುಖ ತಂತ್ರಗಾರಿಕೆ. 1982ರಲ್ಲಿ ಬ್ರಾಭಮ್ ತಂಡದ ಗಾರ್ಡನ್ ಮರ್ರೆ ಒಂದು ಲೆಕ್ಕ ಹಾಕಿದರು. ಅರ್ಧ ಟ್ಯಾಂಕ್ ಇಂಧನ, ಮೆತ್ತನೆಯ ಟೈರ್, ಹಗುರ ಕಾರು. ಪಿಟ್‌ನಲ್ಲಿ ನಿಂತು ಕಳೆಯೋ ಸಮಯಕ್ಕಿಂತ ಟ್ರ್ಯಾಕ್ ಮೇಲೆ ಉಳಿಸೋದೇ ಜಾಸ್ತಿ ಅಂತ. ರೇಸ್ ಮಧ್ಯೆ ಇಂಧನ ತುಂಬೋದನ್ನ 1984ರಲ್ಲಿ ನಿಷೇಧಿಸಿದರು, 1994ರಲ್ಲಿ ಮತ್ತೆ ಬಿಟ್ಟರು, 2010ರಿಂದ ಪುನಃ ನಿಷೇಧ.

ಈ ಲೆಕ್ಕಾಚಾರದ ಅತ್ಯಂತ ಪ್ರಸಿದ್ಧ ದಿನ 1998ರ ಹಂಗೇರಿ ರೇಸ್. ಮುಂದೆ ಇದ್ದದ್ದು ಎರಡು ಮೆಕ್ಲಾರೆನ್ ಕಾರು. ಹಂಗರೋರಿಂಗ್‌ನಲ್ಲಿ ಓವರ್‌ಟೇಕ್ ಮಾಡೋದು ಭಾರೀ ಕಷ್ಟ. ಫೆರಾರಿಯ ರಾಸ್ ಬ್ರಾನ್ ರೇಸ್ ನಡೀತಿರುವಾಗಲೇ ಎರಡು ಸ್ಟಾಪ್ ಯೋಜನೆಯನ್ನ ಮೂರಕ್ಕೆ ಬದಲಿಸಿ, 19 ಸುತ್ತಿನಲ್ಲಿ 25 ಸೆಕೆಂಡ್ ಗಳಿಸಿಕೊಡು ಅಂತ ಷೂಮಾಕರ್‌ಗೆ ಹೇಳಿದರು. ಆತ ಗಳಿಸಿಕೊಟ್ಟ, ಫೆರಾರಿ ಗೆದ್ದಿತು. ಗೆಲುವಿನಲ್ಲಿ ಗೋಡೆ ಪಕ್ಕ ಕೂತಿದ್ದವರ ಪಾಲೂ ಇತ್ತು.

ಈ ಕೂತವರ ಕೆಲಸವನ್ನೇ ಆಟ ಮಾಡಬಹುದು ಅನ್ನೋ ಯೋಚನೆ ಕಾರಿಗಿಂತ ಮೊದಲು ಫುಟ್‌ಬಾಲ್‌ನಲ್ಲಿ ಜನಪ್ರಿಯ ಆಯ್ತು. 1982ರಲ್ಲಿ ಬ್ರಿಟನ್ನಿನ ಕೆವಿನ್ ಟಾಮ್ಸ್ ಫುಟ್‌ಬಾಲ್ ಮ್ಯಾನೇಜರ್ ಅನ್ನೋ ಆಟ ಬರೆದು ಮಾರಿದರು. 1995ರಲ್ಲಿ ಮೈಕ್ರೋಪ್ರೋಸ್ ಕಂಪನಿಯ ಗ್ರಾಂಡ್ ಪ್ರಿ ಮ್ಯಾನೇಜರ್ ಬಂತು. ಆದರೆ ಅಲ್ಲಿ ಎದುರಾಳಿ ಕಂಪ್ಯೂಟರ್. ಬ್ರೌಸರ್ ಆಟಗಳು ಬಂದ ಮೇಲೆ ಎದುರಾಳಿಗಳು ನಮ್ಮಂಥ ಮನುಷ್ಯರೇ ಆದರು. ಅವರಿಗೂ ಆಫೀಸ್ ಇದೆ, ನಿದ್ದೆ ಇದೆ, ಅವರ ಹತ್ತಿರಾನೂ ಎಕ್ಸೆಲ್ ಶೀಟ್ ಇದೆ.

ಈಗ ಆಟಕ್ಕೆ ಬರೋಣ. ಜಿಪಿಆರ್‌ಓದಲ್ಲಿ ಐದು ಮೆಟ್ಟಿಲು: ರೂಕಿ, ಅಮೆಚ್ಯೂರ್, ಪ್ರೋ, ಮಾಸ್ಟರ್, ಎಲೀಟ್. ಒಂದು ಗುಂಪಿನಲ್ಲಿ 40 ಮ್ಯಾನೇಜರ್‌ಗಳವರೆಗೆ ಇರ್ತಾರೆ, ಸೀಸನ್‌ಗೆ 17 ರೇಸ್. ವಾರಕ್ಕೆ ಎರಡು, ಮಂಗಳವಾರ ಮತ್ತು ಶುಕ್ರವಾರ. ಯೂರೋಪಿನ ಸಂಜೆ ಅಂದ್ರೆ ನಮಗೆ ಹೆಚ್ಚುಕಡಿಮೆ ನಡುರಾತ್ರಿ. ಎಚ್ಚರ ಇರಲೇಬೇಕು ಅಂತೇನಿಲ್ಲ. ಎಲ್ಲ ತೀರ್ಮಾನ ಮೊದಲೇ ಕೊಟ್ಟು ಮಲಗಬಹುದು.

ಸೆಟಪ್ ವಿಷಯದಲ್ಲಿ ನಾವು ಸಾಫ್ಟ್‌ವೇರ್‌ನವರು ಅದೃಷ್ಟವಂತರು. ಎರಡು ರೆಕ್ಕೆ, ಎಂಜಿನ್, ಬ್ರೇಕ್, ಗೇರ್, ಸಸ್ಪೆನ್ಷನ್, ಹೀಗೆ ಆರು ಅಂಕಿ. ಪ್ರತಿಯೊಂದೂ 0ಯಿಂದ 999ರೊಳಗೆ. ಅಭ್ಯಾಸಕ್ಕೆ ಎಂಟು ಸುತ್ತು. ಪ್ರತಿ ಸುತ್ತಿನ ಮೇಲೂ ಡ್ರೈವರ್ ಯಾವ ಭಾಗ ಹೆಚ್ಚಾಯ್ತು, ಯಾವುದು ಕಡಿಮೆ ಅಂತ ಹೇಳ್ತಾನೆ. ಇದು ನೇರವಾಗಿ ಬೈನರಿ ಸರ್ಚ್ ಅಲ್ವಾ? ಮಧ್ಯದಿಂದ ಶುರು ಮಾಡಿ, ಅವನ ಮಾತಿನಂತೆ ಅರ್ಧರ್ಧ ಸರೀತಾ ಹೋಗಿ. ಅವನು ಸುಮ್ಮನಾದ ಅಂದ ಮಾತ್ರಕ್ಕೆ ಸರಿಯಾದ ಅಂಕಿ ಸಿಕ್ತು ಅಂತಲ್ಲ, ಅವನಿಗೆ ಒಪ್ಪಿಗೆಯಾಗೋ ವಲಯದೊಳಗೆ ಬಂದಿರಿ ಅಷ್ಟೇ. ಆ ವಲಯದ ಎರಡೂ ಅಂಚು ಹುಡುಕಿ ನಡುವಿನ ಅಂಕಿ ತಗೊಳ್ಳಿ. ಶುರುವಿನಲ್ಲಿ ಎರಡು ರೆಕ್ಕೆಗೂ ಒಂದೇ ಅಂಕಿ ಇಟ್ಟರೆ ಲೆಕ್ಕ ಸುಲಭ. ಹವಾಮಾನ, ಟ್ರ್ಯಾಕ್, ಸಿಕ್ಕ ಉತ್ತರ ಎಲ್ಲ ಬರೆದಿಡಿ. ನಾನು ಮೊದಲ ದಿನದಿಂದ ಶೀಟ್ ಇಟ್ಟಿದ್ದೇನೆ, ಅದೇ ನನ್ನ ತಂಡದ ನಿಜವಾದ ಆಸ್ತಿ.

ದುಡ್ಡು ಹೋಗೋದು ಬೇರೆ ಕಡೆ. ಕಾರಿನ 11 ಭಾಗ ಪ್ರತಿ ರೇಸಿನಲ್ಲೂ ಸವೀತಾವೆ. ಖಾಲಿ ಟ್ರ್ಯಾಕ್‌ನಲ್ಲಿ ಎಷ್ಟು ರಿಸ್ಕ್ ತಗೋಬೇಕು ಅನ್ನೋ ಅಂಕಿ ಏರಿಸಿದರೆ ವೇಗ ಸಿಗುತ್ತೆ, ಸವೆತವೂ ಏರುತ್ತೆ. ಡ್ರೈವರ್ ಸಂಬಳ, ಟೈರ್ ಖರ್ಚು ತಪ್ಪಿದ್ದಲ್ಲ. ಅದಕ್ಕೇ ಮೊದಲ ದಿನವೇ ಪ್ರಾಯೋಜಕರ ಜೊತೆ ಮಾತುಕತೆ ಶುರು ಮಾಡಿ, ಅದು ಮುಗಿಯೋಕೆ ಹಲವು ರೇಸ್ ಬೇಕು. ದುಬಾರಿ ಡ್ರೈವರ್ ಬೇಡ. ಭಾಗಗಳನ್ನ ಒಂದೇ ಸಲ ಮೇಲ್ದರ್ಜೆಗೆ ಏರಿಸಬೇಡಿ, ಮುಂದಿನ ಸಲ ಬದಲಿಸುವಾಗ ಬೆಲೆಯೂ ಅಷ್ಟೇ ಮೇಲಿರುತ್ತೆ.

ಇದು ಬರೀ ಆಟದ ಜಿಪುಣತನ ಅನ್ನಿಸಿದರೆ ಫೋರ್ಸ್ ಇಂಡಿಯಾ ನೆನಪಿಸಿಕೊಳ್ಳಿ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಪಾಲುದಾರರ ಜೊತೆ ಕೊಂಡ ತಂಡ, ಕಾರ್ಖಾನೆ ಸಿಲ್ವರ್‌ಸ್ಟೋನ್‌ನಲ್ಲಿ. 2008ರಲ್ಲಿ ಒಂದೂ ಅಂಕ ಇಲ್ಲ. 2009ರಲ್ಲಿ ಸ್ಪಾದಲ್ಲಿ ಫಿಸಿಕೆಲ್ಲಾ ಪೋಲ್ ಹಿಡಿದು ಎರಡನೇ ಸ್ಥಾನಕ್ಕೆ ಬಂದ. ದೊಡ್ಡ ತಂಡಗಳ ಖರ್ಚಿನ ಒಂದು ಭಾಗದಲ್ಲೇ ನಡೆದು 2016 ಮತ್ತು 2017ರಲ್ಲಿ ನಾಲ್ಕನೇ ಸ್ಥಾನ. ಕಾರು ಚೆನ್ನಾಗಿತ್ತು, ಕೆಲಸಗಾರರು ಗಟ್ಟಿಗರು. ಆದರೂ 2018ರ ಜುಲೈನಲ್ಲಿ ಸಾಲ ತೀರಿಸಲಾಗದೆ ತಂಡ ಆಡಳಿತಾಧಿಕಾರಿಗಳ ಕೈಗೆ ಹೋಯ್ತು. ಆ ಕಾನೂನು ಪ್ರಕ್ರಿಯೆ ಶುರುಮಾಡಿದ್ದು ಅದರದೇ ಡ್ರೈವರ್ ಸರ್ಜಿಯೋ ಪೆರೆಸ್, ತಂಡ ಪೂರ್ತಿ ಮುಚ್ಚಿಹೋಗಬಾರದು ಅಂತ. ನಾನೂರಕ್ಕೂ ಹೆಚ್ಚು ಜನರ ಕೆಲಸ ಉಳೀತು. ಹೊಸ ಒಡೆಯರು ಬಂದರು, ಹಳೇ ಅಂಕಗಳು ಹೋದವು, ಸೊನ್ನೆಯಿಂದ ಶುರು ಮಾಡಿದರೂ ಆ ವರ್ಷವೇ ಏಳನೇ ಸ್ಥಾನ ಪಡೆದರು. ಇವತ್ತಿನ ಆಸ್ಟನ್ ಮಾರ್ಟಿನ್ ಅದೇ ತಂಡ.

ಅಂದ್ರೆ ಟ್ರ್ಯಾಕ್ ಮೇಲೆ ನಾಲ್ಕನೇ ಸ್ಥಾನದಲ್ಲಿದ್ದರೂ ಬ್ಯಾಂಕ್‌ನಲ್ಲಿ ಮುಳುಗಬಹುದು. ಸಂಬಳದ ದಿನ ಕಾಯೋ ನಮ್ಮಂಥ ಉದ್ಯೋಗಿಗಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಆಟದಲ್ಲಿ ಮುಳುಗಿದರೆ ಯಾರ ಮನೆಯ ಒಲೆಯೂ ಆರೋದಿಲ್ಲ, ಆದರೆ ಯಜಮಾನನ ಕುರ್ಚಿಯಲ್ಲಿ ಕೂತವನ ಮೊದಲ ಜವಾಬ್ದಾರಿ ಏನು ಅಂತ ಅದು ಕಲಿಸುತ್ತೆ.

ಮೊದಲ ಸೀಸನ್‌ಗೆ ಒಂದೇ ಗುರಿ ಇಟ್ಟುಕೊಳ್ಳಿ: 17ನೇ ರೇಸ್ ಮುಗಿದಾಗ ಖಾತೆಯಲ್ಲಿ ದುಡ್ಡು, ಶೀಟ್‌ನಲ್ಲಿ 17 ಸಾಲು. ಕಪ್ ಆಮೇಲೆ ನೋಡೋಣ. ಮಂಗಳವಾರದ ರೇಸಿಗೆ ಸೆಟಪ್ ಹಾಕೋದು ಮರೀಬೇಡಿ. ಸಿಗೋಣ.