ಅಜ್ಜಿಯ ಚೀಟಿಯಲ್ಲಿದ್ದ ನಾಲ್ಕು ಅಕ್ಷರ

"ಮೆಷೀನ್ನಾಗೆ ಮಾಡ್ಸಿದ್ರೆ ಚೆನ್ನಾಗಿ ಕಾಣ್ತೈತಂತೆ. ಅಟ್ಟದ ಕೊಬ್ರಿ ತಿಪಟೂರಿಗೆ ಹಾಕಿದ್ಮೇಲೆ ಮಾಡ್ಸಣ ಅಂತಿದೀನಿ, ಏನಂತೀಯ?" ಎಂದು ಚಿಕ್ಕಪ್ಪ ಕೇಳಿದರು. ಅವರ ಬಲಗಣ್ಣಿನ ಪೊರೆ ಆಗಲೇ ಬಲಿತು ಗಟ್ಟಿಯಾಗಿತ್ತು. ಅಟ್ಟದ ಕಾಯಿ ಕೊಬ್ಬರಿಯಾಗಲು ಇನ್ನೂ ಐದಾರು ತಿಂಗಳು ಬೇಕು. ಮೆಷೀನಿನ ಆಪರೇಷನ್ನಿಗೂ ಕೈಯಿಂದ ಮಾಡುವುದಕ್ಕೂ ಅಷ್ಟು ದಿನ ಕುರುಡುಗಣ್ಣಲ್ಲಿ ಕಾಯುವಷ್ಟು ವ್ಯತ್ಯಾಸ ಇದೆಯೇ? ದಬ್ಬೇಘಟ್ಟದ ನಮ್ಮ ಮನೆಯ ಟ್ರಂಕಿನಿಂದಲೇ ಹುಡುಕಾಟ ಶುರುಮಾಡಿದೆ.

ಅದರಲ್ಲಿ ಅಜ್ಜಿಯ ಸೋಡಾಬುಡ್ಡಿ ಕನ್ನಡಕವಿತ್ತು. ಜೊತೆಗೆ ಕಣ್ಣಿನ ಕ್ಯಾಂಪಿನ ಮಾಸಿದ ಚೀಟಿ. ಅದರ ಮೇಲೆ 'ಐಸಿಸಿಇ'. ಅಮ್ಮನ ಆಸ್ಪತ್ರೆ ಕಾರ್ಡಿನಲ್ಲಿ ಬೇರೆ ಅಕ್ಷರಗಳು: 'ಎಸ್‌ಐಸಿಎಸ್', 'ಪಿಸಿಐಒಎಲ್'.

ನಮ್ಮ ಸೀಮೆಯವರಿಗೆ ಈ ಅಕ್ಷರಗಳ ಅರ್ಥವನ್ನು ತೆಂಗಿನಕಾಯಲ್ಲೇ ಹೇಳಬಹುದು. ಐಸಿಸಿಇ ಎಂದರೆ ಪೊರೆ ಬಂದ ಮಸೂರವನ್ನು ಅದರ ಚೀಲದ ಸಮೇತ, ಅಂದರೆ ಕರಟದ ಸಮೇತ, ಹೊರತೆಗೆಯುವುದು. ಬೀಳಗಿಯಲ್ಲಿ ಹುಟ್ಟಿ ನಾಡೆಲ್ಲ ಕ್ಯಾಂಪು ನಡೆಸಿದ ಡಾ. ಎಂ. ಸಿ. ಮೋದಿಯವರ ಕಾಲದ ಕ್ಯಾಂಪುಗಳಲ್ಲಿ ನಡೆಯುತ್ತಿದ್ದುದು ಇದೇ. ಒಂದೇ ದಿನ 833 ಪೊರೆ ತೆಗೆದ ಅವರ ಹೆಸರು ಗಿನ್ನೆಸ್ ಪುಸ್ತಕದಲ್ಲಿದೆ. ಅಷ್ಟು ಜನಕ್ಕೆ ಬೆಳಕು ಕೊಟ್ಟ ಆ ವಿಧಾನವನ್ನು ಇವತ್ತಿನ ಕಣ್ಣಿಂದ ನೋಡಿ ಹಗುರವಾಗಿ ಮಾತಾಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಕರಟವೇ ಹೋದಮೇಲೆ ಹೊಸ ಲೆನ್ಸ್ ಕೂರಿಸಲು ಜಾಗವಿರಲಿಲ್ಲ. ಅದಕ್ಕೇ ಆ ದಪ್ಪ ಕನ್ನಡಕ. ಅದರಲ್ಲಿ ಎಲ್ಲವೂ ಕಾಲುಭಾಗ ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತದೆ. ಅಜ್ಜಿ ಲೋಟಕ್ಕೆ ಕೈಚಾಚಿದರೆ ಗೇಣು ಈಚೆಗೇ ಬೆರಳು ಮಡಚಿಕೊಳ್ಳುತ್ತಿದ್ದುದು ಯಾಕೆಂದು ನನಗೆ ತಿಳಿದದ್ದು ಈಗ.

1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಮೊದಲ ಲೆನ್ಸ್ ಇಟ್ಟದ್ದು ಕರಟವನ್ನು ಉಳಿಸಿಕೊಂಡೇ. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರು ಪೈಲಟ್ಟುಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಅವರು ಕಂಡಿದ್ದರು.

ಹಳೆಯದನ್ನೂ ಹೊಸದನ್ನೂ ನಮ್ಮಂಥ ಜನರಲ್ಲೇ ಹೋಲಿಸಿ ನೋಡಿದವರು ಯಾರು? ಮಧುರೈನ ಅರವಿಂದ ಕಣ್ಣಾಸ್ಪತ್ರೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3400 ಜನ. ಅರ್ಧ ಮಂದಿಗೆ ಅಜ್ಜಿಯ ವಿಧಾನ, ಉಳಿದವರಿಗೆ ಒಳಗೇ ಲೆನ್ಸ್. ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ: ಅವರು ಗೋಡೆಯ ಅಕ್ಷರ ಓದಿಸಿ ಸುಮ್ಮನಾಗಲಿಲ್ಲ, ದಿನನಿತ್ಯದ ಬದುಕು ಹೇಗಾಯಿತೆಂದೂ ಕೇಳಿದರು. ಲೆನ್ಸ್ ಹಾಕಿಸಿಕೊಂಡವರ ಬದುಕೇ ಹೆಚ್ಚು ಸಲೀಸಾಗಿತ್ತು. ಅಜ್ಜಿಯ ಲೋಟಕ್ಕೂ ಲೆಕ್ಕದಲ್ಲಿ ಜಾಗ ಸಿಕ್ಕಿತ್ತು.

ಚಿಕ್ಕಪ್ಪನ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಅಮ್ಮನಿಗೆ ಆದದ್ದು, ಅಂದರೆ ಅವಳ ಕಾರ್ಡಿನ ಎಸ್‌ಐಸಿಎಸ್, ಕೈಯಿಂದ ಮಾಡುವ ವಿಧಾನ: ಹೊಲಿಗೆ ಬೇಡದ ಓರೆ ಸುರಂಗ ಕೊರೆದು, ತಿರುಳನ್ನು ಇಡಿಯಾಗಿ ಜಾರಿಸಿ, ಉಳಿದ ಕರಟದಲ್ಲಿ ಪಿಸಿಐಒಎಲ್ ಎಂಬ ಲೆನ್ಸ್ ಕೂರಿಸುವುದು. ಮೆಷೀನು, ಅಂದರೆ ಫೇಕೋ, ತಿರುಳನ್ನು ಒಳಗೇ ಪುಡಿಮಾಡಿ ಹೀರುತ್ತದೆ, ಗಾಯ ಚಿಕ್ಕದು. ಪುಣೆಯಲ್ಲಿ 400 ಕಣ್ಣುಗಳಲ್ಲಿ ಎರಡನ್ನೂ ಹೋಲಿಸಿ 2005ರಲ್ಲಿ ಬರೆದಿದ್ದಾರೆ. ಆರು ವಾರಕ್ಕೆ ಕನ್ನಡಕವಿಲ್ಲದೆ ಚೆನ್ನಾಗಿ ಕಂಡವರು ಫೇಕೋದಲ್ಲಿ ನೂರಕ್ಕೆ 81, ಕೈವಿಧಾನದಲ್ಲಿ 71. ಮೆಷೀನು ಮುಂದಿರುವುದು ನಿಜ. ಕನ್ನಡಕ ಕೊಟ್ಟಮೇಲೆ ಎರಡೂ ಗುಂಪಿನಲ್ಲಿ ನೂರಕ್ಕೆ 98. ನೇಪಾಳದ ಸಂದುಕ್ ರುಯಿತ್ ಮತ್ತು ಅಮೆರಿಕದ ಡೇವಿಡ್ ಚಾಂಗ್ 2007ರಲ್ಲಿ ಪ್ರಕಟಿಸಿದ 108 ಜನರ ಹೋಲಿಕೆಯೇ ಚಿಕ್ಕಪ್ಪನ ಕಣ್ಣಿಗೆ ಹೆಚ್ಚು ಹತ್ತಿರ. ಅಲ್ಲಿದ್ದದ್ದು ತುಂಬ ಬಲಿತ ಪೊರೆಗಳು. ಆರು ತಿಂಗಳಿಗೆ ಎರಡೂ ಸರಿಸಮ. ಕೈವಿಧಾನಕ್ಕೆ ಹಿಡಿದದ್ದು ಸರಾಸರಿ ಒಂಬತ್ತು ನಿಮಿಷ, ಫೇಕೋಗೆ ಹದಿನೈದೂವರೆ.

ಕರಟ ಉಳಿಯದ ಕಣ್ಣಿಗೂ ದಾರಿಯಾಗಿದೆ. ಚೆನ್ನೈನ ಅಮರ್ ಅಗರ್ವಾಲ್ 2007ರಲ್ಲಿ ಲೆನ್ಸಿನ ಕಾಲುಗಳನ್ನು ಕಣ್ಣಿನ ಬಿಳಿಗೋಡೆಯೊಳಗೆ ತೂರಿಸಿ ಅಂಟು ಹಾಕಿ ನಿಲ್ಲಿಸಿದರು. ಜಪಾನಿನ ಯಾಮಾನೆ ಅಂಟೂ ಇಲ್ಲದೆ, ಕಾಲಿನ ತುದಿಯನ್ನು ಕಾಯಿಸಿ ಗುಂಡಿಯಂತೆ ಉಬ್ಬಿಸಿ ಸಿಕ್ಕಿಸುವ ಬಗೆಯನ್ನು 2017ರಲ್ಲಿ ಪ್ರಕಟಿಸಿದರು. ಈ ಪುಟಗಳನ್ನು ಓದುವಾಗ ಕಣ್ಣು ತುಂಬಿಬಂತು. ಅಜ್ಜಿ ಅಷ್ಟು ದಿನ ಬದುಕಲಿಲ್ಲ.

ಚಿಕ್ಕಪ್ಪನ ಮುಂದೆ ಎಲ್ಲ ಹರಡಿ ಹೇಳಿದೆ. ಅಟ್ಟದ ಕಡೆ ಒಮ್ಮೆ ನೋಡಿ, "ಕಾಯಿ ಒಣಗ್ತಾ ಇರ್ಲಿ ಬಿಡು" ಎಂದರು. ಸೋಮವಾರ ಕಣ್ಣಿನ ಉದ್ದ ಅಳೆದು ಲೆನ್ಸಿನ ಪವರ್ ಗೊತ್ತುಮಾಡುತ್ತಾರೆ. ಜೊತೆಗೆ ನಾನೂ ಹೋಗುತ್ತಿದ್ದೇನೆ.