ಲ್ಯಾಪ್‌ಟಾಪ್ ಸ್ಟ್ಯಾಂಡ್: ತಾಪ ಮತ್ತು ಬಾಳಿಕೆ

ಲ್ಯಾಪ್‌ಟಾಪನ್ನು ಮೇಜಿನಿಂದ ಮೇಲಕ್ಕೆತ್ತಿ ನಿಲ್ಲಿಸುವ, ಲೋಹ, ಮರ ಅಥವಾ ಪ್ಲಾಸ್ಟಿಕ್ಕಿನಿಂದ ಮಾಡಿದ ಆಧಾರ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ತಂದು ಕತ್ತಿನ ಆಯಾಸವನ್ನು ನೀಗುವುದೇ ಇದರ ಪ್ರಥಮ ಪ್ರಯೋಜನವಾದರೂ ಯಂತ್ರದ ತಾಪದ ಮೇಲೂ ಇದರ ಪ್ರಭಾವವುಂಟು.

ಅನೇಕ ಲ್ಯಾಪ್‌ಟಾಪುಗಳಲ್ಲಿ ಫ್ಯಾನು ತಳದ ರಂಧ್ರಗಳಿಂದ ಗಾಳಿಯನ್ನು ಸೆಳೆದು, ಪ್ರೊಸೆಸರಿನ ಶಾಖವನ್ನು ಹೊತ್ತು ತರುವ ತಾಮ್ರದ ನಳಿಕೆಗಳ ತುದಿಯ ತೆಳುರೆಕ್ಕೆಗಳ ನಡುವಿನಿಂದ ಹೊರದೂಡುತ್ತದೆ. ರಬ್ಬರಿನ ಪಾದಗಳು ಕೊಡುವ ಕೆಲವೇ ಮಿಲಿಮೀಟರುಗಳ ತೆರಪು, ಯಂತ್ರವನ್ನು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟಾಗ ಮುಚ್ಚಿಹೋಗಿ, ಪ್ರೊಸೆಸರಿನ ತಾಪವು 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೇರಲು, ಅದು ಆತ್ಮರಕ್ಷಣಾರ್ಥವಾಗಿ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುವುದು. ತಳವನ್ನು ಬಯಲಾಗಿರಿಸುವ ಸ್ಟ್ಯಾಂಡು ಈ ಅಡಚಣೆಯನ್ನು ನಿವಾರಿಸುತ್ತದೆ. ಗಟ್ಟಿ ಮೇಜಿನೊಡನೆ ಹೋಲಿಸಿದರೆ ಲಾಭವು ಸಾಮಾನ್ಯವಾಗಿ ಕೆಲವು ಡಿಗ್ರಿಗಳಷ್ಟೇ. 2020ರ ಎಂ1 ಮ್ಯಾಕ್‌ಬುಕ್ ಏರ್‌ನಂತಹ, ಫ್ಯಾನೇ ಇಲ್ಲದ ಯಂತ್ರಗಳಲ್ಲಿ ಸೆಳೆಯಬೇಕಾದ ಗಾಳಿಯೇ ಇಲ್ಲದ್ದರಿಂದ ಹೆಚ್ಚಿನದನ್ನು ನಿರೀಕ್ಷಿಸುವುದು ಯುಕ್ತವಲ್ಲ.

ಆಯುಷ್ಯದ ವಿಚಾರದಲ್ಲಿ ನಿಜವಾಗಿ ಚಿಂತಿಸಬೇಕಾದುದು ಪ್ರೊಸೆಸರಿಗಾಗಿ ಅಲ್ಲ, ಬ್ಯಾಟರಿಗಾಗಿ. ತಾಪವು 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗವು ಸ್ಥೂಲವಾಗಿ ಇಮ್ಮಡಿಯಾಗುವುದೆಂಬ ಸೂತ್ರವನ್ನು ಸ್ಮರಿಸಿದರೆ, ಪೂರ್ಣ ಚಾರ್ಜಿನಲ್ಲಿದ್ದು ಸದಾ ಬೆಚ್ಚಗಿರುವ ಲಿಥಿಯಂ ಅಯಾನ್ ಕೋಶವು ತನ್ನ ಧಾರಣಶಕ್ತಿಯನ್ನು ಬೇಗನೆ ಕಳೆದುಕೊಳ್ಳುವುದೇಕೆಂಬುದು ವಿಶದವಾಗುತ್ತದೆ. ಇಲ್ಲಿ ಅಲ್ಪ ತಂಪೂ ವ್ಯರ್ಥವಲ್ಲ. ಆದರೆ ರೆಕ್ಕೆಗಳ ನಡುವೆ ಕಟ್ಟಿದ ಧೂಳನ್ನಾಗಲಿ, ಪ್ರೊಸೆಸರಿನ ಶಾಖವನ್ನು ನಳಿಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟು ಒಣಗಿದ್ದನ್ನಾಗಲಿ ಯಾವ ಸ್ಟ್ಯಾಂಡೂ ಸರಿಪಡಿಸಲಾರದು. ಹಳೆಯ ಯಂತ್ರಗಳಲ್ಲಿ ಧೂಳನ್ನು ತೆಗೆದು ಪೇಸ್ಟನ್ನು ಬದಲಾಯಿಸುವುದರಿಂದ ಸ್ಟ್ಯಾಂಡಿಗಿಂತ ಅಧಿಕ ಫಲ ದೊರೆಯುವುದುಂಟು.